ಆಮೇನ್ ಎನ್ನಬೇಕಾದ ಹೊತ್ತು

ಗಲ್ಫಿನಲ್ಲಿ, ಅಲ್ ರೀಮ್ ಐಲ್ಯಾಂಡಿನ ನಮ್ಮ ಟವರಿನಲ್ಲಿ ಎದುರು ಫ್ಲ್ಯಾಟಿಗೆ ಮುಂಬೈಯಿಂದ ಮಕ್ಕಳಿಲ್ಲದ ದಂಪತಿ ಬಂದಿದ್ದರು. ಅಂಕಲ್‌ಗೆ ಕಂಪನಿಯೊಂದರಲ್ಲಿ ಅಕೌಂಟ್ಸ್ ಕೆಲಸ. ಆಂಟಿ ಮನೆಯಲ್ಲಿ ಮರಾಠಿ, ನನ್ನ ಹತ್ತಿರ ಹಿಂದಿ ಮಾತಾಡುವರು. ಮೀನಿಗೆ ತೆಂಗಿನಕಾಯಿ ಅರೆಯುವ ವಿಷಯದಲ್ಲಿ ಉಡುಪಿಯವಳಾದ ನನಗೂ ಅವರಿಗೂ ದೋಸ್ತಿ ಬೆಳೆಯಿತು. ಅವರು ಯೆಹೂದಿಗಳೆಂದು ನನಗೆ ತಿಳಿದದ್ದೇ ಡಿಸೆಂಬರಿನಲ್ಲಿ ಹನುಕ್ಕಾ ಹಬ್ಬಕ್ಕೆ ಕರೆದಾಗ.

"ನಮ್ಮ ದೀಪಾವಳಿಯ ಹಾಗೆಯಾ?" ಎಂದೆ.

"ದೀಪ ಮಾತ್ರ ಹಾಗೆ," ಎಂದು ಅಂಕಲ್ ನಕ್ಕರು. ಹಿಂದೆ ಒಬ್ಬ ಅರಸ ಅವರ ದೇವಾಲಯವನ್ನು ಕೆಡಿಸಿದ್ದನಂತೆ. ಹೋರಾಡಿ ಮರಳಿ ಪಡೆದಾಗ ದೀಪಕ್ಕೆ ಸಿಕ್ಕಿದ ಶುದ್ಧ ಎಣ್ಣೆ ಒಂದು ದಿನಕ್ಕಷ್ಟೇ ಸಾಲುವಷ್ಟು. ಅದು ಎಂಟು ದಿನ ಉರಿಯಿತು. ಹಾಗಾಗಿ ಎಂಟು ಸಂಜೆ, ದಿನಕ್ಕೊಂದು ದೀಪ ಹೆಚ್ಚಿಸುತ್ತಾ ಹೋಗುವುದು. ಎಣ್ಣೆಯ ನೆನಪಿಗೆ ಕರಿದ ತಿಂಡಿ. ಅಂಕಲ್ ಹೀಬ್ರೂ ಪ್ರಾರ್ಥನೆ ಹೇಳಿದರು, ಆಂಟಿ "ಆಮೇನ್" ಎಂದರು. 'ಹಾಗೆಯೇ ಆಗಲಿ' ಎಂದು ಅರ್ಥ, ಪ್ರಾರ್ಥನೆ ಹೇಳಿದವರಲ್ಲ, ಕೇಳಿದವರು ಅನ್ನಬೇಕಾದ ಮಾತಂತೆ. ಆಮೇಲೆ ಆಂಟಿ ಬಿಸಿ ಕರ್ಜಿಕಾಯಿ ಕೊಟ್ಟು, "ಈ ಬೆಳಕಿನಲ್ಲಿ ಯಾವ ಕೆಲಸವನ್ನೂ ಮಾಡಬಾರದು, ಸುಮ್ಮನೆ ನೋಡಬೇಕು," ಎಂದರು.

ಮರುವರ್ಷ ಹಬ್ಬದ ನಡುವೆಯೇ ಅಂಕಲ್‌ಗೆ ಸ್ಟ್ರೋಕ್ ಆಯಿತು. ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ಆಂಟಿ ಆಸ್ಪತ್ರೆ ಬಿಟ್ಟು ಕದಲಲಿಲ್ಲ. ವಾರ್ಡಿನಲ್ಲಿ ಆಕ್ಸಿಜನ್ ಇದೆ, ದೀಪ ಹಚ್ಚುವ ಹಾಗಿಲ್ಲ ಎಂದು ನರ್ಸ್ ಮೆಲ್ಲಗೆ ಹೇಳಿದಳು. ಕೊನೆಗೆ ನಾನೇ, "ನಾನಿಲ್ಲಿ ಕೂರ್ತೇನೆ. ನೀವು ಮನೆಗೆ ಹೋಗಿ ಹಚ್ಚಿ, ಅಂಕಲ್‌ಗೆ ವಿಡಿಯೊದಲ್ಲಿ ತೋರಿಸುವ," ಎಂದು ಕಳಿಸಿದೆ.

ಸಂಜೆ ಕಾಲ್ ಬಂತು. ಫೋನನ್ನು ಅಂಕಲ್ ಮುಖದ ಎದುರು ಹಿಡಿದೆ. ತಲೆಗೆ ಸೆರಗು ಹೊದ್ದು ಆಂಟಿ ಪ್ರಾರ್ಥನೆ ತಾವೇ ಹೇಳಿದರು. ಮುಗಿಸಿ, ಕಾದರು.

ಅಂಕಲ್ ಬಾಯಿ ತೆರೆದರು. ತುಟಿ ಒಂದು ಕಡೆಗೆ ಎಳೆದುಕೊಂಡಿತು, ಗಂಟಲಲ್ಲಿ ಏನೋ ಗೊರಗುಟ್ಟಿತು, ಅಷ್ಟೆ. ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದು ಮತ್ತೆ ಪ್ರಯತ್ನಿಸಿದರು. ಆ ಒಂದು ಶಬ್ದ ನನಗೂ ಗೊತ್ತಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅವರ ಬಾಯಿಂದ ಬರಬೇಕಾದದ್ದನ್ನು ನಾನು ಹೇಳುವುದು ಹೇಗೆ? ಹೇಳದೆ ಕೂತಿರುವುದಾದರೂ ಹೇಗೆ?

"ಅವರು ಹೇಳಿದರಾ? ನನಗೆ ಕೇಳಿಸಲಿಲ್ಲ," ಎಂದರು ಆಂಟಿ.

"ತುಟಿ ಅಲ್ಲಾಡ್ತಾ ಇದೆ, ಆಂಟಿ."

ಆಂಟಿ ಹತ್ತಿಯ ಬತ್ತಿಗಳನ್ನು ಒಂದೊಂದಾಗಿ ಹಚ್ಚಿದರು. ಅಂಕಲ್ ಪರದೆಯನ್ನು ನೋಡುತ್ತಲೇ ಇದ್ದರು. ಕಣ್ಣೀರು ಕಿವಿಯ ಕಡೆಗೆ ಇಳಿಯಿತು. ಒರೆಸೋಣವೆಂದರೆ ನನ್ನ ಒಂದು ಕೈಯಲ್ಲಿ ಫೋನು, ಇನ್ನೊಂದು ಅವರ ಹಿಡಿತದಲ್ಲಿ.

ಅಂಕಲ್ ಬದುಕಿ ಉಳಿದರು. ಮಾತು ಬರಲಿಲ್ಲ. ಕೆಲಸ ಹೋಯಿತು, ಅದರ ಜೊತೆ ವೀಸಾವೂ ಖಲಾಸ್. ಬೇಸಿಗೆಗೆ ಮೊದಲೇ ಮುಂಬೈಗೆ ಹೊರಟರು. ತಡೆಯಲು ನಾನು ಯಾರು? ಪಾತ್ರೆಗಳಿಗೆ ಪೇಪರ್ ಸುತ್ತಿಕೊಟ್ಟೆ. ಏರ್‌ಪೋರ್ಟಿನಲ್ಲಿ ವ್ಹೀಲ್‌ಚೇರ್ ತಳ್ಳುವವನು, "ಯಲ್ಲಾ, ಮ್ಯಾಡಮ್," ಎಂದು ಅವಸರ ಮಾಡಿದ. ಆಂಟಿ ತಿರುಗಿ ಏನೋ ಹೇಳಿದರು. ಅನೌನ್ಸ್‌ಮೆಂಟಿನ ಗದ್ದಲದಲ್ಲಿ ಅದು ನನಗೆ ಕೇಳಿಸಲಿಲ್ಲ. ಕೇಳಿಸಿದವಳ ಹಾಗೆ ತಲೆಯಾಡಿಸಿದೆ.