ಅಮರೇಶಪ್ಪನವರ ಸಮುದ್ರ
ರಾಯಚೂರಿನ ಅಮರೇಶಪ್ಪನವರು ಸಮುದ್ರ ಕಂಡವರಲ್ಲ, ಮೀನು ಮುಟ್ಟಿದವರೂ ಅಲ್ಲ. ಆದರೂ ಹೈದರಾಬಾದಿನ ಕಚೇರಿಯಲ್ಲಿ ಕುಳಿತು, ಉಪಗ್ರಹ ಕಳಿಸಿದ ನಕಾಶೆ ನೋಡಿ, ಎಲ್ಲಿ ಬಲೆ ಬೀಸಬೇಕೆಂದು ಮಲ್ಪೆಯ ನಾಡದೋಣಿಯವರಿಗೆ ದಿನಾ ಬೆಳಿಗ್ಗೆ ಫೋನಿನಲ್ಲಿ ಹೇಳುವವರು ಅವರೇ. ಮೀಟರಿನ ಲೆಕ್ಕ ಮೀನುಗಾರರಿಗೆ ಒಗ್ಗದೆಂದು ಆಳವನ್ನು ಮಾರಿನಲ್ಲೇ ಹೇಳುತ್ತಾರೆ. "ಹದಿನೆಂಟು ಮಾರು" ಎನ್ನುವಾಗ ಎರಡೂ ತೋಳು ಚಾಚಿ ಪಕ್ಕದವರ ಚಹಾ ಚೆಲ್ಲುತ್ತಾರೆ. ಬೂತಾಯಿ ಮೀನು ಕಡಿಮೆಯಾಯಿತೆಂದು ದೋಣಿಯವರು ಗೋಳಾಡಿದರೆ ಗದರುತ್ತಾರೆ: "ಬೂತಾಯಿ ಹೋದ್ರ ಹೋಗ್ಲಿ, ಫಿಕರ್ ಮಾಡಬ್ಯಾಡ್ರಿ! ಬಲಿ ಬದ್ಲಿ ಮಾಡ್ರಿ, ಬಂಗುಡೆ ಹಿಡೀರಿ. ಕೈ ಕಟ್ಟಿ ಕುಂತ್ರ ಹೆಂಗ್ರಿ?" ದೋಣಿಗಳು ಮೀನು ತಂದ ಸುದ್ದಿ ಬರುವವರೆಗೆ ಊಟದ ಡಬ್ಬಿ ಬಿಚ್ಚುವುದಿಲ್ಲ. ಸಂಜೆ ಜೋಳದ ರೊಟ್ಟಿ ಹಾಗೇ ಮನೆಗೆ ಮರಳಿದರೆ ಹೆಂಡತಿ ಗುರುಬಾಯಿಗೆ ಗೊತ್ತಾಗುತ್ತದೆ: ಮಲ್ಪೆಯಲ್ಲಿ ಇವತ್ತು ಬಲೆ ಖಾಲಿ ಬಂದಿದೆ.