ಉಸಿರೆಳೆಯದ ಹಾಡುಗಾರ್ತಿ

ಉಮಾಮಹೇಶ್ವರಿ ಹನ್ನೆರಡು ವರ್ಷ ಕಾಂತರಾಜ್‌ನ ಆರ್ಕೆಸ್ಟ್ರಾದಲ್ಲಿ ಹಾಡಿದವಳು. ಹಗಲು ಕೆಜಿಎಫ್‌ನ ಕಾರ್ಖಾನೆಯೊಂದರ ಸ್ಟೋರ್ಸ್‌ನಲ್ಲಿ ಕೆಲಸ, ಸಂಜೆ ಮದುವೆ ಮನೆಗಳಲ್ಲಿ ಹಾಡು. ಕನ್ನಡ, ತೆಲುಗು, ತಮಿಳು, ಯಾವುದು ಕೇಳಿದರೂ ಹಾಡುತ್ತಿದ್ದಳು. ಎರಡು ವರ್ಷದ ಹಿಂದೆ ಗಂಟಲಿನ ಗಡ್ಡೆ ತೆಗೆಸಿಕೊಂಡ ಮೇಲೆ ಆ ದನಿ ಹೋಯಿತು. ನಾಲ್ಕು ಮಾತಾಡುವಷ್ಟರಲ್ಲಿ ದನಿ ಒಡೆಯುತ್ತಿತ್ತು. ಅಂದಿನಿಂದ ಅವಳಿಗೆ ಕೂತಲ್ಲಿ ಕೂರಲಾಗದು. ಉರಿಗಾಂನ ಮನೆಯಲ್ಲಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುವಳು, ಟಿ.ವಿ.ಯಲ್ಲಿ ಹಾಡು ಬಂದರೆ ಎದ್ದು ಹೊರಗೆ ಹೋಗುವಳು.

ಅಕ್ಟೋಬರ್‌ನಲ್ಲಿ ಕಾಂತರಾಜ್ ಫೋನ್ ಮಾಡಿದ. ಅವಳ ಕಾರ್ಖಾನೆಯ ರಾಜ್ಯೋತ್ಸವಕ್ಕೆ ಕುಣಿಯುವಂಥ ಹೊಸ ಹಾಡು ಬೇಕಿತ್ತು. ಅವನ ಕಂಪ್ಯೂಟರಿನ ಸಾಫ್ಟ್‌ವೇರೊಂದರಲ್ಲಿ ಹಾಡುವ ಹುಡುಗಿಯೊಬ್ಬಳಿದ್ದಳು. ಸ್ವರ, ಮಾತು ತುಂಬಿದರೆ ಹಾಡುತ್ತಾಳೆ, ಪರದೆಯ ಮೇಲೆ ಕುಣಿಯುತ್ತಾಳೆ. ಅವಳಿಗೆ ಮಿನ್ನು ಎಂದು ಅವನೇ ಹೆಸರಿಟ್ಟಿದ್ದ.

"ಬೀಟ್ ಹಾಕಕ್ಕೆ ನಂಗೆ ಬತ್ತದೆ, ಹಾಡ್ಸಕ್ಕೆ ಬರಲ್ಲ ಕಣಮ್ಮ. ನೀನು ಬಾ."

ಮರುದಿನ ಡ್ಯೂಟಿ ಮುಗಿಸಿದವಳೇ ಕಾಂತರಾಜ್‌ನ ಸ್ಟುಡಿಯೋ ಇದ್ದ ಬಂಗಾರಪೇಟೆಯ ಬಸ್ಸು ಹತ್ತಿದಳು.

ಹಾಡಿನ ಮಾತು ಅವಳೇ ಬರೆದಳು, ಸ್ವರವನ್ನೂ ಅವಳೇ ಕೂರಿಸಿದಳು. ಮಿನ್ನು 'ಬೆಳಕು' ಅನ್ನುವ ಕಡೆ 'ಬೆಲಕು' ಅನ್ನುತ್ತಿದ್ದಳು. ಆ ಒಂದು ಅಕ್ಷರ ತಿದ್ದಲು ಮೂರು ಸಂಜೆ ಹಿಡಿಯಿತು.

"ಸಾಕು ಬಿಡಮ್ಮ, ಕುಣಿಯೋರು ಇದೆಲ್ಲಾ ಕೇಳ್ತಾರಾ?"

"ನಾನು ಕೇಳ್ತೀನಲ್ಲಣ್ಣ. ಇನ್ನೊಂದು ಸತಿ ಹಾಕು."

ಹಾಡನ್ನು ಫೋನಿನಲ್ಲಿ ತಂದು ಅತ್ತೆ ಅಮ್ಮಾಜಮ್ಮನಿಗೆ ಕೇಳಿಸಿದಳು. ಮುದುಕಿ ಪೂರ್ತಿ ಕೇಳಿ ಎದೆ ನೀವಿಕೊಂಡಳು. "ಕಂಠ ಚೆಂದಾಗೈತೆ. ಆದ್ರೆ ಈ ಉಡುಗಿ ಎಲ್ಲೂ ಉಸುರೇ ಎಳ್ಕಳಲ್ವಲ್ಲೇ! ಕೇಳ್ತಾ ಕೇಳ್ತಾ ನಂಗೇ ಉಸುರು ಕಟ್ತದೆ."

ಮರುದಿನ ಉಮಾ ಸ್ಟುಡಿಯೋದಲ್ಲಿ ಮೈಕನ್ನು ಬಾಯಿಯ ಹತ್ತಿರ ಎಳೆದುಕೊಂಡು, ಒಂದೊಂದು ಸಾಲಿಗೂ ತಾನು ಹಾಡುವಾಗ ಹೇಗೆ ಉಸಿರೆಳೆಯುತ್ತಿದ್ದಳೋ ಹಾಗೆ ಎಳೆದಳು. ಹಾಡಲಿಲ್ಲ, ಬರೀ ಉಸಿರು. ಕಾಂತರಾಜ್ ಅದನ್ನು ಸಾಲುಗಳ ನಡುವೆ ಕೂರಿಸಿದ. ಮಿನ್ನುವಿಗೆ ಜೀವ ಬಂದ ಹಾಗಾಯಿತು. ಉಮಾಳಿಗೆ ಹಿಗ್ಗಾಯಿತು, ಹೊಟ್ಟೆಕಿಚ್ಚೂ ಆಯಿತು. ಎದ್ದು ಪಕ್ಕದ ಮಾರ್ಕೆಟ್ಟಿನ ಸುತ್ತ ಎರಡು ಸುತ್ತು ನಡೆದು ಬಂದಳು.

ರಾಜ್ಯೋತ್ಸವದ ದಿನ ಮೈದಾನದ ದೊಡ್ಡ ಪರದೆಯ ಮೇಲೆ ಮಿನ್ನು ಕುಣಿದಳು. ಕೆಲಸಗಾರರೆಲ್ಲ ಎದ್ದು ಕುಣಿದರು, ಒನ್ಸ್ ಮೋರ್ ಎಂದು ಕೂಗಿದರು. ವೇದಿಕೆಯ ಪಕ್ಕದಲ್ಲಿ ಉಮಾ ಅತ್ತಿಂದಿತ್ತ ಓಡಾಡುತ್ತಿದ್ದಳು. ಹಾಡು ಮುಗಿದಾಗ ನಿರೂಪಕ ಚಲಪತಿ, "ಗಾಯನ ಮಿನ್ನು, ಸಂಗೀತ ಕಾಂತರಾಜ್!" ಎಂದು ಘೋಷಿಸಿ ಮುಂದಿನ ಕಾರ್ಯಕ್ರಮದ ಚೀಟಿ ತೆಗೆದ.

ಉಮಾಳ ಕಾಲು ತಾನಾಗಿ ಮೆಟ್ಟಿಲು ಹತ್ತಿತು. ಚಲಪತಿಯ ಕೈಯಿಂದ ಮೈಕು ತೆಗೆದುಕೊಂಡಳು.

"ಮಾತು ಬರೆದು, ಸ್ವರ ಕೂರ್ಸಿ ಹಾಡ್ಸಿದ್ದು ನಾನು. ಉಮಾಮಹೇಶ್ವರಿ, ಸ್ಟೋರ್ಸ್ ಸೆಕ್ಷನ್."

ಒಡೆದ ದನಿ ಸ್ಪೀಕರುಗಳಲ್ಲಿ ಗರಗರ ಎಂದಿತು. ಎರಡು ವರ್ಷದಲ್ಲಿ ಅವಳು ಜನರೆದುರು ಮೈಕು ಹಿಡಿದದ್ದು ಅದೇ ಮೊದಲು. ಸ್ಟೋರ್ಸ್‌ನ ಸುಮಲತ ಎದ್ದು ನಿಂತು ಚಪ್ಪಾಳೆ ತಟ್ಟಿದಳು. ಒಬ್ಬೊಬ್ಬರಾಗಿ ಮಿಕ್ಕವರೂ ತಟ್ಟಿದರು.

ಕೆಳಗೆ ಕಾಂತರಾಜ್ ತಲೆ ಕೆರೆದುಕೊಂಡು ನಿಂತಿದ್ದ. "ಚೀಟೀಲಿ ನಿನ್ ಹೆಸ್ರು ಬರ್ಸೋದೇ ಮರ್ತೋದೆ ಕಣಮ್ಮ. ಬೇಜಾರಾ?"

"ಆಗಿತ್ತು. ಹೇಳ್ದೆ, ಮುಗೀತು," ಅಂದಳು ಉಮಾ. ಆದರೂ ಅವಳ ಬೆರಳುಗಳು ಸೆರಗಿನ ತುದಿಯನ್ನು ತಿರುಚುತ್ತಲೇ ಇದ್ದವು. "ಎರಡನೇ ಚರಣದಲ್ಲಿ ಸ್ವರ ಒಂಚೂರು ಇಳಿದೈತಣ್ಣ. ನಾಳೆ ಸಂಜೆ ಬತ್ತೀನಿ."