ಮೆಂತ್ಯ ಮೆತ್ತಿದ ದೋಣಿ

ನಾನು ದೋಣಿ ಕಟ್ಟಿದ್ದು ನನ್ನ ಅಣ್ಣನ ಮೇಲಿನ ಸಿಟ್ಟಿಗೆ. ಮೀನು ಹಿಡಿಯುವುದಕ್ಕಲ್ಲ, ನೀರಿನ ಮೇಲೆ ತೇಲುವ ಆಸೆಗೂ ಅಲ್ಲ. ಕೇಳಿದವರಿಗೆಲ್ಲ ಒಂದೊಂದು ಸಲ ಒಂದೊಂದು ಕಾರಣ ಹೇಳಿದ್ದೇನೆ. ಈಗ ಹಲ್ಲು ಬಿದ್ದ ಮೇಲೆ ಸುಳ್ಳು ಹೇಳಿ ಏನಾಗಬೇಕು?

ಎರಡನೇ ಮಹಾಯುದ್ಧ ಮುಗಿದ ವರ್ಷ ನಮ್ಮ ಮನೆ ಪಾಲಾಯಿತು. ಹೊಸಕೋಟೆ ಸೀಮೆಯ ನಮ್ಮ ಊರಿನ ಪಂಚಾಯಿತಿಯವರು ಮನೆಯ ಅಂಗಳದ ನಡುವೆ ಹಗ್ಗ ಹಿಡಿದು, ಹಗ್ಗದ ನೇರಕ್ಕೆ ಮಣ್ಣಿನ ಗೋಡೆ ಎಬ್ಬಿಸಿದರು. ಗೋಡೆ ಎದೆಮಟ್ಟಕ್ಕೆ ಬರುವಷ್ಟರಲ್ಲಿ ಮಣ್ಣು ಮುಗಿಯಿತು. ಮಿಕ್ಕ ಮಣ್ಣನ್ನು ಯಾರು ತರಬೇಕು ಎಂಬ ಜಗಳ ಕೊನೆಗೂ ತೀರಲಿಲ್ಲ. ಹಾಗಾಗಿ ಅಣ್ಣನ ತಲೆ ದಿನಾ ಬೆಳಗಾದರೆ ನನ್ನ ಕಣ್ಣಿಗೆ ಬೀಳುತ್ತಿತ್ತು.

ಕೆರೆ ಏರಿಯ ಕೊನೆಗಿದ್ದ ತೋಟ ಅವನಿಗೆ ಹೋಯಿತು, ಕೆರೆಯಾಚೆಯ ದಿಣ್ಣೆ ಹೊಲ ನನಗೆ ಬಂತು. ಆ ಹೊಲಕ್ಕೆ ಗಾಡಿ ದಾರಿ ಇದ್ದದ್ದು ಅವನ ತೋಟದೊಳಗೆ. ಬಿತ್ತುವ ಕಾಲಕ್ಕೆ ಕೆರೆಯಲ್ಲಿ ನೀರಿರುವುದಿಲ್ಲ, ಕೆರೆಯಂಗಳದಲ್ಲೇ ಎತ್ತು ಹೊಡೆದುಕೊಂಡು ಹೋಗಬಹುದು. ರಾಗಿ ಕೊಯ್ಲಿನ ಹೊತ್ತಿಗೆ ಕೆರೆ ತುಂಬಿರುತ್ತದೆ. ಆಗ ಅವನ ತೋಟದಲ್ಲಿ ಹಾಯಬೇಕು, ಇಲ್ಲವೇ ಕಳ್ಳಿ ಪೊದೆಗಳ ನಡುವಿನ ಕಾಲುದಾರಿಯಲ್ಲಿ ತಲೆಹೊರೆ ಹೊತ್ತು ಮೂರು ಮೈಲಿ ಸುತ್ತಬೇಕು. ಪಾಲಾದ ವಾರಕ್ಕೆ ಅಣ್ಣ ತೋಟದ ಬಾಯಿಗೆ ಜಾಲಿಮುಳ್ಳು ಎಳೆದ. ಪಂಚಾಯಿತಿಯವರು ಹೋಗಿ ಕೇಳಿದರು.

"ನಾನೇನು ಬಿಡಾಕಿಲ್ಲ ಅಂದ್ನಾ? ಅವ್ನೇ ಬಂದು ಬಾಯ್ಬಿಟ್ಟು ಒಂದ್ಸಲ ಕೇಳ್ಲಿ, ಬಿಡ್ತೀನಿ" ಎಂದನಂತೆ.

ಕೇಳುವುದೇ? ಅದು ನಮ್ಮಪ್ಪ ನಡೆದ ದಾರಿ, ನಮ್ಮಜ್ಜ ನಡೆದ ದಾರಿ. ನನ್ನ ಹೊಲಕ್ಕೆ ಹೋಗಲು ನಾನು ಇವನ ಮುಂದೆ ಕೈಕಟ್ಟಿ ನಿಲ್ಲಬೇಕೇ? ಸತ್ತರೂ ಕೇಳುವುದಿಲ್ಲ ಎಂದು ಅರಳೀಕಟ್ಟೆಯಲ್ಲಿ ಹತ್ತು ಜನಕ್ಕೆ ಕೇಳುವಂತೆ ಹೇಳಿಬಿಟ್ಟೆ. ಹೇಳಿದ ಮೇಲೆ ಮುಗಿಯಿತು. ಅವನನ್ನು ಕೇಳದೆ ಆ ವರ್ಷದ ರಾಗಿ ಮನೆ ಸೇರಬೇಕು, ಅದೊಂದೇ ನನ್ನ ಹಟ.

ಯುದ್ಧದ ಕಾಲದಲ್ಲಿ ಎರಡು ವರ್ಷ ನಾನು ಯಲಹಂಕದ ಕಡೆಯ ಮಿಲಿಟರಿ ಕ್ಯಾಂಪಿನಲ್ಲಿ ಕೂಲಿಗಿದ್ದೆ. ಅಲ್ಲೊಬ್ಬ ಬಿಳಿಯ ಸಿಪಾಯಿ ಬಿಡುವಾದಾಗಲೆಲ್ಲ ದೋಣಿ ಕಟ್ಟುತ್ತಿದ್ದ. ದೋಣಿಯ ಆಕಾರಕ್ಕೆ ಕೊಯ್ದ ಹಲಗೆಗಳನ್ನು ಸಾಲಾಗಿ ನಿಲ್ಲಿಸಿ, ಅವುಗಳ ಮೇಲೆ ಹೆಬ್ಬೆರಳಗಲದ ತೆಳ್ಳನೆಯ ಮರದ ಪಟ್ಟಿಗಳನ್ನು ಬಗ್ಗಿಸಿ, ಅಂಚಿಗೆ ಅಂಚು ಕೂಡಿಸಿ ಮೊಳೆ ಹೊಡೆಯುತ್ತಿದ್ದ. ಪಟ್ಟಿಯ ಇನ್ನೊಂದು ತುದಿ ಹಿಡಿದು ನಿಲ್ಲುವುದು ನನ್ನ ಕೆಲಸ. ತುದಿ ಹಿಡಿದವನಿಗೆಲ್ಲ ದೋಣಿ ಕಟ್ಟಲು ಬರುತ್ತದೆ ಎಂದುಕೊಂಡೆನಲ್ಲ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಊರವರು "ದುಂಡು ಹರಿಗೋಲು ಒಂದು ತಾರಯ್ಯ, ಸಾಕು" ಎಂದರು. ಹರಿಗೋಲು ಗಿರಗಿರ ಸುತ್ತುತ್ತದೆ. ಅಣ್ಣನ ತೋಟದ ಮುಂದೆ, ಅವನು ಕಣ್ಣಾರೆ ನೋಡುತ್ತಿರುವಾಗ, ನಾನು ನೆಟ್ಟಗೆ ಹೋಗಬೇಕಿತ್ತು.

ನನ್ನ ಪಾಲಿಗೆ ಒಂದು ಹೆಬ್ಬೇವಿನ ದಿಮ್ಮಿ ಬಂದಿತ್ತು. ಹಗುರ ಮರ. ಗರಗಸದವರನ್ನು ಕರೆಸಿ ಅದನ್ನು ಪಟ್ಟಿ ಪಟ್ಟಿಯಾಗಿ ಸೀಳಿಸಿದೆ. "ಏನ್ ಗೌಡ್ರೇ, ಮರ ಸೀಳುಸ್ತಾ ಇದ್ದೀರೋ, ಶ್ಯಾವಿಗೆ ಒತ್ತುಸ್ತಾ ಇದ್ದೀರೋ?" ಎಂದು ಅವರು ನಕ್ಕರು. ಗೋಡೆಯಾಚೆಯಿಂದಲೂ ಒಂದು ನಗು ಕೇಳಿಸಿತು.

ನೇಗಿಲು, ನೊಗ ಕೆತ್ತುವುದರಲ್ಲಿ ಅಣ್ಣನ ಕೈ ಬಡಗಿಯ ಕೈಗಿಂತ ವಾಸಿ. ಇದನ್ನು ಬರೆಯುವಾಗಲೂ ನನಗೆ ಹೊಟ್ಟೆ ಉರಿಯುತ್ತದೆ. ಬೇವಿನ ಕಡ್ಡಿ ಕಚ್ಚಿಕೊಂಡು, ಗೋಡೆಯ ಮೇಲೆ ಎರಡು ಮೊಣಕೈ ಊರಿ, ನನ್ನ ಕೆಲಸ ನೋಡುವುದೇ ಅವನಿಗೊಂದು ಹಬ್ಬವಾಯಿತು. ಮೊದಲ ದಿನ ನಾನು ಬಗ್ಗಿಸಿದ ಪಟ್ಟಿ ಲಟಕ್ಕನೆ ಮುರಿಯಿತು.

"ಒಣಗಿದ್ ಪಟ್ಟಿ ಬಗ್ಗಾಕಿಲ್ಲ ಕಣ್ಲಾ. ನೀರಾಗೆ ನೆನೆಹಾಕು" ಎಂದ.

ಅವನು ಹೇಳಿದನಲ್ಲ ಎಂಬ ಒಂದೇ ಕಾರಣಕ್ಕೆ ಒಣ ಪಟ್ಟಿಗಳನ್ನೇ ಬಗ್ಗಿಸಿದೆ. ಇನ್ನೂ ನಾಲ್ಕು ಮುರಿದವು. ಮಧ್ಯಾಹ್ನ ಅವನು ತೋಟಕ್ಕೆ ಹೋದ ಮೇಲೆ ಕಳ್ಳನಂತೆ ಪಟ್ಟಿಗಳನ್ನೆಲ್ಲ ದನದ ಬಾನಿಯಲ್ಲಿ ಅದ್ದಿದೆ. ಸಂಜೆಗೆ ಅವು ಹೇಳಿದ ಮಾತು ಕೇಳಿದವು. ಅವನು ಬಂದು ನೋಡಿ, ಬಾನಿಯನ್ನೂ ನೋಡಿ, ಕಡ್ಡಿ ಉಗಿದು ಒಳಗೆ ಹೋದ. ಬೈದಿದ್ದರೆ ಅಷ್ಟು ಉರಿಯುತ್ತಿರಲಿಲ್ಲ.

ಒಂದೂವರೆ ತಿಂಗಳು ಹೀಗೇ ಹೋಯಿತು. ಬೆರಳು ಜಜ್ಜಿಕೊಂಡೆ, ಮೊಳೆ ಸೊಟ್ಟ ಹೊಡೆದೆ, ಎಡಗಡೆಗಿಂತ ಬಲಗಡೆ ಎರಡು ಪಟ್ಟಿ ಹೆಚ್ಚು ಕೂರಿಸಿ ಮತ್ತೆ ಕಿತ್ತೆ. ಒಳಗೆ ಬಿದಿರಿನ ಬಿಗಿ ಕೊಟ್ಟು, ಅಚ್ಚಿನ ಹಲಗೆಗಳನ್ನು ತೆಗೆದ ದಿನ ಅಂಗಳದಲ್ಲಿ ದೋಣಿಯಂಥದ್ದೇ ಒಂದು ವಸ್ತು ಕೂತಿತ್ತು. ಆದರೆ ಬಿಸಿಲಿಗೆ ಹಿಡಿದರೆ ಪಟ್ಟಿಗಳ ನಡುವೆ ಉದ್ದಕ್ಕೂ ಬೆಳಕಿನ ಗೆರೆಗಳು ಕಾಣುತ್ತಿದ್ದವು. ಆ ಸಂದಿಗಳಿಗೆಂದು ಹೊಸಕೋಟೆ ಸಂತೆಯಿಂದ ರಾಳ ತಂದಿಟ್ಟಿದ್ದೆ. ಎಣ್ಣೆಯಲ್ಲಿ ಕಾಯಿಸಿ ಸುರಿದರೆ ಸಂದಿಯಲ್ಲಿ ಗಟ್ಟಿಯಾಗಿ ಕೂರುತ್ತದೆ, ನೀರಿಗೆ ಜಗ್ಗುವುದಿಲ್ಲ.

ಆ ದಿನ ನನ್ನ ಹೆಂಡತಿ ಅಂಗಳದಲ್ಲಿ ಹೊಸ ಮೊರಕ್ಕೆ ಮೆಂತ್ಯ ಮೆತ್ತುತ್ತಿದ್ದಳು. ನಮ್ಮ ಕಡೆ ಹೊಸ ಮೊರವನ್ನು ಹಾಗೇ ಬಳಸುವುದಿಲ್ಲ. ನೆನೆಸಿದ ಮೆಂತ್ಯವನ್ನು ಹಳೆಯ ಕಾಗದದ ಜೊತೆ ರುಬ್ಬಿ ಬಿದಿರಿನ ಸಂದಿಗೆಲ್ಲ ಬಳಿಯುತ್ತಾರೆ. ಒಣಗಿದ ಮೇಲೆ ರಾಗಿ ಕಾಳಿರಲಿ, ಹಿಟ್ಟು ಕೂಡ ಸೋರುವುದಿಲ್ಲ. ಗೋಡೆಯ ಮೇಲೆ ಮೊಣಕೈ ಊರಿದ್ದವನು ಮೊರವನ್ನೂ ದೋಣಿಯನ್ನೂ ಒಂದೇ ಸಲ ನೋಡಿದ.

"ಏನ್ಲಾ, ಇದುಕ್ಕೂ ಮೆಂತ್ಯ ಮೆತ್ತೀಯೇನ್ಲಾ? ಮೊರನ ಯಾರಾದ್ರೂ ನೀರಿಗೆ ಬಿಡ್ತಾರಾ? ರಾಳ ಕಾಯ್ಸಿ ಹುಯ್ಯಿ, ಬೇರೆ ಯಾವ್ದೂ ನಿಲ್ಲಾಕಿಲ್ಲ" ಎಂದ.

ದೇವರಾಣೆಗೂ ಆ ಗಳಿಗೆಯವರೆಗೆ ದೋಣಿಗೆ ಮೆಂತ್ಯ ಮೆತ್ತುವ ಯೋಚನೆ ನನ್ನ ತಲೆಗೆ ಬಂದಿರಲಿಲ್ಲ. ರಾಳ ಸುರಿಯುವವನೇ ಇದ್ದೆ. ಅವನು ಅದನ್ನೇ ಸುರಿ ಎಂದನಲ್ಲ! ಈಗ ಸುರಿದರೆ ಅವನ ಮಾತಿನಂತೆ ಆಯಿತು. ನಾಳೆ ದೋಣಿ ತೇಲಿದರೆ ತಾನೇ ತೇಲಿಸಿದೆ ಎಂದು ಊರೆಲ್ಲ ಹೇಳಿಕೊಂಡು ಬರುತ್ತಾನೆ. ರಾಳದ ಪೊಟ್ಟಣವನ್ನು ಅಟ್ಟಕ್ಕೆ ಎಸೆದೆ.

"ಇನ್ನೆರಡು ಸೇರು ಮೆಂತ್ಯ ನೆನೆಹಾಕು" ಎಂದೆ ಹೆಂಡತಿಗೆ.

"ಭಾವ ಹೇಳಿದ್ದು ಸರಿಯಾಗೈತೆ ಅಲ್ವಾ?" ಎಂದಳು ಅವಳು, ಮೆಲ್ಲಗೆ.

"ಹಂಗಾದ್ರೆ ಹೋಗಿ ಆ ಕಡೆ ಗೋಡೆ ಹಿಂದೇನೇ ಅಡುಗೆ ಮಾಡ್ಕೊ" ಎಂದೆ. ಅವಳು ಒರಳಿನ ಮುಂದೆ ಕೂತಳು.

ಒಳಗೂ ಹೊರಗೂ ಮೆಂತ್ಯ ಮೆತ್ತಿ, ಒಣಗಿಸಿ, ಮೇಲೆ ಎರಡು ಸಲ ಹೊಂಗೆ ಎಣ್ಣೆ ಹಚ್ಚಿದೆ. ಉಗುರಿನಲ್ಲಿ ಕೆರೆದರೂ ಕದಲಲಿಲ್ಲ. ಕೆರೆಗಿಳಿಸಿದ ದಿನ ಒಂದು ಹನಿ ನೀರು ಒಳಗೆ ಬರಲಿಲ್ಲ. ಮೆಂತ್ಯ ನೀರು ಕುಡಿದರೆ ಮೊದಲು ಉಬ್ಬುತ್ತದೆ, ಸಂದಿಯನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತದೆ, ಲೋಳೆಯಾಗುವುದು ಆಮೇಲೆ. ಅದು ನನಗೆ ಗೊತ್ತಿರಲಿಲ್ಲ. ಆಚೆ ದಡಕ್ಕೆ ನಾಲ್ಕು ಸಲ ಬರಿದೋಣಿಯಲ್ಲಿ ಹುಟ್ಟು ಹಾಕಿದೆ, ನಾಲ್ಕು ಸಲವೂ ಅಣ್ಣನ ತೋಟದ ಮುಂದೆ ಬೇಕೆಂದೇ ನಿಧಾನ ಮಾಡಿದೆ. ಪ್ರತಿ ಸಲ ದೋಣಿಯನ್ನು ಬಿಸಿಲಿಗೆ ಮಗುಚಿ ಒಣಗಿಸುತ್ತಿದ್ದೆ. ನನ್ನ ಬದುಕಿನಲ್ಲಿ ಅಂಥ ಸಂತೋಷದ ವಾರ ಇನ್ನೊಂದಿಲ್ಲ.

ಹೊಲದಲ್ಲೇ ಕಣ ಮಾಡಿ ರಾಗಿ ಬಡಿದೆವು; ಅಷ್ಟು ಹೊತ್ತೂ ದೋಣಿ ನೀರಿನಲ್ಲೇ ನಿಂತಿತ್ತು. ಮೂರು ಮೂಟೆ ಬಂತು. ವರ್ಷದ ಊಟ ಅಷ್ಟೇ, ಅದೂ ಅಂಗಡಿಯಲ್ಲಿ ಧಾನ್ಯಕ್ಕೆ ಸಾಲು ನಿಲ್ಲಬೇಕಾದ ಕಾಲ. ಹೆಂಡತಿ ಒಂದೊಂದೇ ಮೂಟೆ ಸಾಗಿಸೋಣ ಎಂದಳು. ಈಚೆ ಏರಿಯ ಮೇಲೆ ಅಣ್ಣ ನಿಂತಿದ್ದ. ಮೂರು ಸಲ ಹೋಗಿ ಬಂದರೆ ಅವನು ನಗುತ್ತಾನೆ ಅನ್ನಿಸಿತು. ಮೂರನ್ನೂ ಒಟ್ಟಿಗೆ ಹೇರಿದೆ.

ನಡುನೀರಿನಲ್ಲಿ ಮೊದಲು ಬಂದದ್ದು ವಾಸನೆ. ಹಸಿ ಮೆಂತ್ಯದ ವಾಸನೆ. ಕೆಳಗೆ ನೋಡಿದರೆ ಕಾಲ ಬೆರಳುಗಳ ನಡುವೆ ಹಳದಿ ಲೋಳೆ ಹರಿಯುತ್ತಿತ್ತು. ಕೈಯಿಂದ ಒತ್ತಿ ಹಿಡಿದೆ, ಪಂಚೆ ಬಿಚ್ಚಿ ತುರುಕಿದೆ. ಮೂಟೆಗಳ ಭಾರಕ್ಕೆ ಮೊಳೆಗಳು ಒಂದೊಂದಾಗಿ ಬಿಟ್ಟವು. ಕಣ್ಣೆದುರೇ ಪಟ್ಟಿಗಳು ಬಿಚ್ಚಿಕೊಂಡು ನೀರಿನ ಮೇಲೆ ಹರಡಿದವು, ಮೂಟೆಗಳು ಬಾಯಿ ಬಿಟ್ಟು ಕೆಸರಿಗೆ ಇಳಿದವು. ಆಚೆ ದಡದಿಂದ ಹೆಂಡತಿ ಕೂಗುವುದು ಕೇಳಿಸಿತು.

ಬಾವಿಯಲ್ಲಿ ಈಜು ಕಲಿತ ಮೈ, ನನಗೇನೂ ಆಗಲಿಲ್ಲ. ಹತ್ತಿರದ ದಡ ಅವನ ತೋಟದ್ದೇ. ಅವನು ಮೊಣಕಾಲು ನೀರಿಗಿಳಿದು ಒಂದು ಕೋಲು ಚಾಚಿದ. ಹಿಡಿಯಲಿಲ್ಲ. ಹತ್ತು ಮಾರು ಆಚೆ ಹೋಗಿ, ಕೆಸರಿನಲ್ಲಿ ತೆವಳಿ, ಕೌಪೀನದಲ್ಲಿ ಮೇಲೆ ಹತ್ತಿದೆ.

"ಎಷ್ಟ್ ಮೂಟೆ ಇತ್ಲಾ?" ಎಂದ.

"ಒಂದು" ಎಂದೆ. ಅವನು ತಲೆಯಾಡಿಸಿದ.

ಮಾರನೆಯ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ಮೂರು ಮೂಟೆ ರಾಗಿ ಇತ್ತು. ಗೋಡೆಯ ಮೇಲೆ ಅಣ್ಣನ ತಲೆ ಇರಲಿಲ್ಲ. ಅವನ್ನು ತೆಗೆದುಕೊಂಡು ಹೋಗಿ ಅವನ ಅಂಗಳಕ್ಕೆ ಎಸೆಯುತ್ತೇನೆ ಎಂದು ಹೊರಟೆ. ಹೆಂಡತಿ ಮೂಟೆಯ ಮೇಲೆ ಕೂತುಬಿಟ್ಟಳು.

"ಮಕ್ಕಳಿಗೆ ಏನ್ ಬೇಯ್ಸಿ ಹಾಕ್ಲಿ, ನಿಮ್ ರೋಷಾನಾ?" ಎಂದಳು. ಅವಳು ನನ್ನೆದುರು ದನಿ ಎತ್ತಿದ್ದು ಅದೇ ಮೊದಲು.

ಅವತ್ತು ಮಧ್ಯಾಹ್ನ ಅವಳು ಮುದ್ದೆ ಇಟ್ಟಳು. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ನುಂಗುತ್ತಾರೆ. ವರ್ಷಪೂರ್ತಿ ನುಂಗಿದೆ, ಪ್ರತಿ ತುತ್ತಿಗೂ ಅವನನ್ನು ಒಳಗೊಳಗೇ ಬೈಯುತ್ತ. ತೋಟದ ಬಾಯಿಯ ಮುಳ್ಳನ್ನು ಅವನು ತೆಗೆಯಲಿಲ್ಲ, ನಾನು ಸುತ್ತಿಯೇ ಹೋದೆ. ಈಗ ಅವನಿಲ್ಲ, ಮುಳ್ಳೂ ಇಲ್ಲ. ಅಂದು ದಾರಿಗೆ ಅಡ್ಡ ಹಾಕಿದ್ದರ ಸಿಟ್ಟು ಎಂದೋ ಇಳಿದಿದೆ. ಆದರೆ ಕೇಳಿದರೆ ಮಾತ್ರ ದಾರಿ ಬಿಡುತ್ತೇನೆ ಎಂದಿದ್ದವನು ಆ ರಾಗಿಯನ್ನು ನಾನು ಕೇಳದೆಯೇ ಕೊಟ್ಟನಲ್ಲ, ಅದನ್ನು ಇವತ್ತಿಗೂ ಕ್ಷಮಿಸಿಲ್ಲ.